ಒಬ್ಬರ ಕೈಗೆ ಎಷ್ಟು ಬಂದೂಕು? – ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಬೆಳೆ ರಕ್ಷಣೆಯ ಬಂದೂಕು ಮತ್ತು ಲೈಸೆನ್ಸ್ ನವೀಕರಣದ ಬಗ್ಗೆ ಹಿಂದೆ ಬರೆದಿದ್ದಕ್ಕೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರಿಂದ ಪತ್ರಗಳು ಬಂದಿವೆ. ಹೆಚ್ಚಿನವರು ಬೇರೆ ಬೇರೆ ಮಾತಿನಲ್ಲಿ ಕೇಳಿರುವುದು ಒಂದನ್ನೇ: ಕೆಲವರ ಹತ್ತಿರ ಅಷ್ಟೊಂದು ಬಂದೂಕು ಯಾಕಿರುತ್ತವೆ, ನಮಗೆ ಎಷ್ಟು ಬೇಕು? ಆಯ್ದ ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಶೂಟಿಂಗ್ ಆಟಗಾರರಿಗೆ ಎಂಟು, ಹತ್ತು, ಹನ್ನೆರಡು ಬಂದೂಕಿನ ತನಕ ಇಟ್ಟುಕೊಳ್ಳಲು ಬಿಟ್ಟಿದ್ದಾರಂತೆ. ರೈತರಿಗೆ ಒಂದು ಲೈಸೆನ್ಸ್ ಸಿಗಬೇಕೆಂದರೆ ಕಚೇರಿ ಕಚೇರಿ ಅಲೆಯಬೇಕು. ಒಂದು ಒಳ್ಳೆಯ ಬಂದೂಕು ಇದ್ದರೆ ಎಲ್ಲ ಸ್ಪರ್ಧೆಗೂ ಆಗುವುದಿಲ್ಲವೇ?
– ಓದುಗರೊಬ್ಬರು, ಸಿಂಧನೂರು

ಆಗುವುದಿಲ್ಲ. ಆಟದ ನಿಯಮವೇ ಅದಕ್ಕೆ ಅಡ್ಡ ಬರುತ್ತದೆ. ಪಿಸ್ತೂಲಿನಿಂದಲೇ ಶುರು ಮಾಡೋಣ. 10 ಮೀಟರ್ ಏರ್ ಪಿಸ್ತೂಲ್ 4.5 ಮಿ.ಮೀ. ಪೆಲೆಟ್ ಹಾರಿಸುತ್ತದೆ. ಅದರ ತೂಕ 1.5 ಕೆ.ಜಿ. ದಾಟಬಾರದು, ಟ್ರಿಗರ್ ಕನಿಷ್ಠ 500 ಗ್ರಾಂ ಎಳೆತ ತಡೆಯಬೇಕು. ಒಂದು ಸಲಕ್ಕೆ ಒಂದೇ ಪೆಲೆಟ್ ತುಂಬಬೇಕು. 25 ಮೀಟರ್ ಪಿಸ್ತೂಲಿಗೆ ಬಂದರೆ .22 ಬೋರಿನ (ನಳಿಗೆಯ ಒಳಅಗಲ 0.22 ಅಂಗುಲ) ತೋಟಾ, ಐದು ತೋಟಾಗಳ ಮ್ಯಾಗಜಿನ್, ಟ್ರಿಗರ್ ಕನಿಷ್ಠ 1000 ಗ್ರಾಂ, ತೂಕದ ಮಿತಿ 1.4 ಕೆ.ಜಿ. ಸ್ಪರ್ಧೆಗೆ ಮೊದಲು ಪಿಸ್ತೂಲಿನ ನಳಿಗೆಯನ್ನು ನೆಟ್ಟಗೆ ಮೇಲ್ಮುಖವಾಗಿ ಹಿಡಿದು, ಟ್ರಿಗರ್‌ಗೆ ತೂಕದ ಬಟ್ಟು ಸಿಕ್ಕಿಸಿ ಎತ್ತಿ ನೋಡುತ್ತಾರೆ. ಬಟ್ಟು ನೆಲ ಬಿಡುವ ಮೊದಲೇ ಟ್ರಿಗರ್ ಬಿದ್ದರೆ ಆ ಪಿಸ್ತೂಲು ಕಣಕ್ಕೆ ಇಳಿಯುವಂತಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಎರಡು ಕಂಚು ಗೆದ್ದರು, 25 ಮೀಟರ್‌ನಲ್ಲಿ ನಾಲ್ಕನೆಯವರಾದರು. ಒಂದೇ ಕೈ, ಆದರೆ ಪಿಸ್ತೂಲು ಬೇರೆ ಬೇರೆ. ಪುರುಷರ 25 ಮೀಟರ್ ರ‍್ಯಾಪಿಡ್ ಫೈರ್‌ನಲ್ಲಿ ಸಾಲಾಗಿರುವ ಐದು ಗುರಿಗಳಿಗೆ ಮೊದಲು 8 ಸೆಕೆಂಡು, ಆಮೇಲೆ 6, ಕೊನೆಗೆ 4 ಸೆಕೆಂಡಿನೊಳಗೆ ಐದು ಈಡು ಮುಗಿಸಬೇಕು. ಅಲ್ಲಿ ನಳಿಗೆ ಮೇಲಕ್ಕೆ ಜಿಗಿಯದ, ತಾನಾಗಿ ಮುಂದಿನ ತೋಟಾ ತುಂಬಿಕೊಳ್ಳುವ ಪಿಸ್ತೂಲು ಬೇಕು. ಸೆಂಟರ್ ಫೈರ್ ಸ್ಪರ್ಧೆಗೆ ನಳಿಗೆಯ ಅಳತೆಯೇ 7.62ರಿಂದ 9.65 ಮಿ.ಮೀ. ಹೀಗೆ ಪಿಸ್ತೂಲು ಆಡುವ ಒಬ್ಬರಿಗೇ ಮೂರು ಆದವು.

ರೈಫಲ್ಲಿನ ಕಥೆಯೂ ಹಾಗೆಯೇ. 10 ಮೀಟರ್ ಏರ್ ರೈಫಲ್ಲಿನ ಹತ್ತು ಅಂಕದ ಚುಕ್ಕೆ ಬರೀ 0.5 ಮಿ.ಮೀ. ಅಗಲ. ಅದರ ಪೆಲೆಟ್ ಅರ್ಧ ಗ್ರಾಂ ಚಿಲ್ಲರೆ, ನಳಿಗೆ ಬಿಡುವಾಗ ಅದರ ಶಕ್ತಿ ಸುಮಾರು 8 ಜೂಲ್. 50 ಮೀಟರ್ ರೈಫಲ್ಲಿನಲ್ಲಿ .22 ಗುಂಡಿಗೆ 140 ಜೂಲ್ ಆಸುಪಾಸು ಶಕ್ತಿ ಇರುತ್ತದೆ, ರೈಫಲ್ 8 ಕೆ.ಜಿ.ವರೆಗೂ ತೂಗಬಹುದು. ಏರ್ ರೈಫಲ್ಲಿಗೆ ಮಿತಿ 5.5 ಕೆ.ಜಿ. 50 ಮೀಟರ್‌ನಲ್ಲಿ ಮಂಡಿಯೂರಿ, ಮಲಗಿ, ನಿಂತು ಮೂರು ಭಂಗಿಗಳಲ್ಲಿ ಹೊಡೆಯಬೇಕು. ಅದಕ್ಕೇ ಅದರ ಬಟ್ ಪ್ಲೇಟು (ಹೆಗಲಿಗೆ ಆನಿಸುವ ಹಿಂಬದಿ), ಕೆನ್ನೆ ಇಡುವ ಪಟ್ಟಿ ಎಲ್ಲ ತಿರುಪಿನಲ್ಲಿ ಮೇಲೆ ಕೆಳಗೆ ಸರಿಯುತ್ತವೆ. ಹಾಗಾಗಿ ಮೂರು ಭಂಗಿಗೆ ಒಂದು ರೈಫಲ್ ಸಾಕು. ಆದರೆ ಅದನ್ನು 10 ಮೀಟರ್‌ಗೆ ತರಲಾಗದು, ಏರ್ ರೈಫಲ್ಲನ್ನು 50 ಮೀಟರ್‌ಗೆ ಒಯ್ಯಲಾಗದು.

ಎಲ್ಲಕ್ಕಿಂತ ಹೆಚ್ಚು ಗೊಂದಲ ಇರುವುದು ಚರೆ ಬಂದೂಕಿನಲ್ಲಿ. ಹಾರಿಬಿಟ್ಟ ತಟ್ಟೆ ಹೊಡೆಯುವ ಸ್ಪರ್ಧೆಗಳು ಎರಡು, ಟ್ರ್ಯಾಪ್ ಮತ್ತು ಸ್ಕೀಟ್. ಎರಡರಲ್ಲೂ 12 ಬೋರು, ಎರಡರಲ್ಲೂ 24 ಗ್ರಾಂ ಚರೆಯ ತೋಟಾ, ಹೊಡೆಯುವುದೂ 110 ಮಿ.ಮೀ. ಅಗಲದ ಅದೇ ತಟ್ಟೆಯನ್ನು. ಆದರೂ ಪಳಗಿದ ಆಟಗಾರ ಎರಡಕ್ಕೂ ಒಂದೇ ಬಂದೂಕು ಹಿಡಿಯುವುದಿಲ್ಲ. ಟ್ರ್ಯಾಪ್‌ನಲ್ಲಿ ತಟ್ಟೆ ಆಟಗಾರನ ಮುಂದೆ 15 ಮೀಟರ್ ದೂರದ ಕಂದಕದಿಂದ ಎದ್ದು ದೂರಕ್ಕೆ, ಮೇಲಕ್ಕೆ ಹೋಗುತ್ತದೆ. ಹೊಡೆಯುವ ಹೊತ್ತಿಗೆ 30 ಮೀಟರ್ ದಾಟಿರುತ್ತದೆ. ಚರೆ ಅಲ್ಲಿಯ ತನಕ ಒತ್ತಾಗಿ ಹೋಗಬೇಕೆಂದು ನಳಿಗೆಯ ಬಾಯಿ ಕಿರಿದಾಗಿರುತ್ತದೆ, ನಳಿಗೆ 30 ಅಂಗುಲ ಅಥವಾ ಇನ್ನೂ ಉದ್ದ. ಏರುವ ತಟ್ಟೆಗೆ ತಕ್ಕಂತೆ ಚರೆ ಗುರಿಗಿಂತ ತುಸು ಮೇಲೆ ಬೀಳುವಂತೆ ಬಟ್ ಎತ್ತರಿಸಿರುತ್ತಾರೆ. ಸ್ಕೀಟ್‌ನಲ್ಲಿ ತಟ್ಟೆ ಅಡ್ಡ ಹಾಯುತ್ತದೆ, ಅದೂ 20 ಮೀಟರ್ ಅಳತೆಯಲ್ಲಿ. ಅಲ್ಲಿ ಚರೆ ಬೇಗ ಹರಡಬೇಕು, ಆದ್ದರಿಂದ ಬಾಯಿ ಸಡಿಲ, ನಳಿಗೆ ಸಾಮಾನ್ಯವಾಗಿ 28 ಅಂಗುಲ. ತಟ್ಟೆ ಹಾರುವ ತನಕ ಬಂದೂಕು ಸೊಂಟದ ಬಳಿ ಇರಬೇಕೆಂಬುದು ಸ್ಕೀಟ್ ನಿಯಮ. ಎತ್ತುವಾಗ ಜಾಕೆಟ್ಟಿಗೆ ತೊಡರುವ ಬಟ್ ಇದ್ದರೆ ತಟ್ಟೆ ತಪ್ಪಿತೆಂದೇ ಲೆಕ್ಕ. ಟ್ರ್ಯಾಪ್ ಬಂದೂಕಿನಿಂದ ಸ್ಕೀಟ್ ಆಡಿದರೆ ಹತ್ತಿರದ ತಟ್ಟೆಯ ಮೇಲಿಂದ ಚರೆ ಮುದ್ದೆಯಾಗಿ ಹಾದುಹೋಗುತ್ತದೆ.

ಇನ್ನು ಕಾನೂನು. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಸಾಮಾನ್ಯ ನಾಗರಿಕರಿಗೆ ಎರಡು ಬಂದೂಕಿನ ಮಿತಿ. ಮೊದಲು ಮೂರಿತ್ತು. ನೀವು ಕೇಳಿದ ಎಂಟು, ಹತ್ತು, ಹನ್ನೆರಡು ಬಂದಿದ್ದು 2020ರ ಫೆಬ್ರವರಿಯ ಕೇಂದ್ರದ ಅಧಿಸೂಚನೆಯಿಂದ. ಅಂತರರಾಷ್ಟ್ರೀಯ ಪದಕ ಗೆದ್ದವರು ಮತ್ತು ಹೆಸರಾಂತ ಗುರಿಕಾರರೆಂದು ಮಾನ್ಯತೆ ಪಡೆದವರು ಒಂದು ವಿಭಾಗದಲ್ಲಿದ್ದರೆ 8, ಎರಡರಲ್ಲಿದ್ದರೆ 10, ಅದಕ್ಕೂ ಹೆಚ್ಚಿದ್ದರೆ 12 ಹೆಚ್ಚುವರಿ ಆಯುಧ ಇಟ್ಟುಕೊಳ್ಳಬಹುದು. ಕ್ಲಬ್ಬಿಗೆ ಸೇರಿದವರಿಗೆಲ್ಲ ಇದು ಸಿಗುವುದಿಲ್ಲ. ರೈತರ ಅಲೆದಾಟದ ಬಗ್ಗೆ ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಅದಕ್ಕೆ ಕಾರಣ ಆಟಗಾರರಲ್ಲ.

ಅಮೆರಿಕ, ಜರ್ಮನಿಯ ಬೇಟೆಗಾರರ ಮನೆಯ ಬೀರು ತುಂಬ ಬಂದೂಕು ಇರುವ ಫೋಟೋ ನೋಡುತ್ತೇವೆ. ಅದು ಶೋಕಿಯೋ, ಅಗತ್ಯವೋ?
– ಓದುಗರೊಬ್ಬರು, ಗಂಗಾವತಿ

ಶೋಕಿ ಸ್ವಲ್ಪ ಇರುತ್ತದೆ, ಅಗತ್ಯವೇ ಹೆಚ್ಚು. ಅಲ್ಲಿ ಬೇಟೆಗೆ ಪರವಾನಗಿ, ಋತು, ಎಣಿಕೆ ಎಲ್ಲ ಉಂಟು. ಯಾವ ಮಿಕಕ್ಕೆ ಯಾವ ಗುಂಡು ಎಂದು ಕಾನೂನೇ ಹೇಳುತ್ತದೆ. ಜರ್ಮನಿಯಲ್ಲಿ ರೋ ಎಂಬ ಸಣ್ಣ ಜಿಂಕೆಗೆ 100 ಮೀಟರ್ ದೂರದಲ್ಲಿ ಗುಂಡಿಗೆ ಕನಿಷ್ಠ 1000 ಜೂಲ್ ಶಕ್ತಿ ಉಳಿದಿರಬೇಕು. ಹಂದಿ, ದೊಡ್ಡ ಜಿಂಕೆಗೆ ಕನಿಷ್ಠ 6.5 ಮಿ.ಮೀ. ಗುಂಡು, 2000 ಜೂಲ್. ಗುಂಡು ದುರ್ಬಲವಾದರೆ ಪ್ರಾಣಿ ಗಾಯಗೊಂಡು ಓಡಿ, ಎಲ್ಲೋ ಬಿದ್ದು ದಿನಗಟ್ಟಲೆ ನರಳಿ ಸಾಯುತ್ತದೆ. ಈ ನಿಯಮ ಇರುವುದು ಅದಕ್ಕಾಗಿ. ಅದೇ ಗುಂಡಿನಿಂದ ಮೊಲ ಹೊಡೆದರೆ ತಿನ್ನಲು ಏನೂ ಉಳಿಯದು, ಅಲ್ಲಿ .22 ಸಾಕು. ಹಾರುವ ಹಕ್ಕಿಗೆ ಚರೆ ಬಂದೂಕೇ ಬೇಕು. ಅಮೆರಿಕದಲ್ಲಿ ಬಾತುಕೋಳಿಗೆ 1991ರಿಂದ ಸೀಸದ ಚರೆ ನಿಷೇಧ. ಉಕ್ಕಿನ ಚರೆ ಸೀಸದಷ್ಟು ಮೆತ್ತಗಿಲ್ಲ, ಹಳೆಯ ಕಿರಿಬಾಯಿಯ ನಳಿಗೆಯನ್ನು ಹಾಳು ಮಾಡಬಹುದು. ಹಾಗಾಗಿ ತಾತನ ಬಂದೂಕು ಬೀರುವಿನಲ್ಲೇ ಉಳಿದು ಹೊಸದೊಂದು ಮನೆಗೆ ಬರುತ್ತದೆ. ಆ ಲೆಕ್ಕವನ್ನು ಇಲ್ಲಿಗೆ ತರಬೇಡಿ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ.

ಎರಡು ನಳಿಗೆಯ 12 ಬೋರ್ ಇದೆ. ಮೆಕ್ಕೆಜೋಳ, ಶೇಂಗಾಕ್ಕೆ ಹಂದಿ ಕಾಟ ವಿಪರೀತ. ಹಂದಿಗೆ ಚರೆ ನಾಟುವುದಿಲ್ಲ, ರೈಫಲ್ ತಗೊಳ್ಳಿ ಎನ್ನುತ್ತಾರೆ. ಎರಡನೆಯ ಲೈಸೆನ್ಸ್‌ಗೆ ಅರ್ಜಿ ಹಾಕಲೇ?
– ರೈತರೊಬ್ಬರು, ಸಿರುಗುಪ್ಪ ತಾಲ್ಲೂಕು

ಬೇಡ. ಮೊದಲು ಒಂದು ಮಾತು ಸ್ಪಷ್ಟವಾಗಿರಲಿ. ಬಂದೂಕಿನ ಲೈಸೆನ್ಸ್ ಇದ್ದರೆ ಹಂದಿ ಹೊಡೆಯಲು ಅನುಮತಿ ಇದೆ ಎಂದಲ್ಲ. ಬಂದೂಕಿನ ಲೈಸೆನ್ಸ್ ಕೊಡುವುದು ಜಿಲ್ಲಾಧಿಕಾರಿ. ಬೆಳೆಗೆ ಹಾನಿ ಮಾಡುವ ಪ್ರಾಣಿಯನ್ನು ಕೊಲ್ಲಲು ಅನುಮತಿ ಕೊಡುವುದು ಅರಣ್ಯ ಇಲಾಖೆ, ಅದೂ ಲಿಖಿತವಾಗಿ, ಕಾರಣ ದಾಖಲಿಸಿ. ಆ ಕಾಗದ ಕೈಯಲ್ಲಿಲ್ಲದೆ ಹಂದಿ ಹೊಡೆದರೆ ಬಂದೂಕೂ ಹೋಗುತ್ತದೆ, ಕೇಸೂ ಬೀಳುತ್ತದೆ. ಕೃಷ್ಣಮೃಗವಂತೂ ವನ್ಯಜೀವಿ ಕಾಯ್ದೆಯ ಒಂದನೇ ಪರಿಚ್ಛೇದದ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿ, ಶಿಕ್ಷೆ ಕನಿಷ್ಠ ಮೂರು ವರ್ಷ ಜೈಲು. ರಾತ್ರಿ ಬ್ಯಾಟರಿ ಬೆಳಕಿಗೆ ಹೊಳೆಯುವ ಕಣ್ಣು ಯಾವ ಪ್ರಾಣಿಯದೆಂದು ತಿಳಿಯದೆ ಟ್ರಿಗರ್ ಮುಟ್ಟಬಾರದು.

ರೈಫಲ್ ಬೇಡ ಎನ್ನಲು ನಿಮ್ಮ ನೆಲವೇ ಕಾರಣ. ತುಂಗಭದ್ರೆಯ ಕಾಲುವೆ ಸೀಮೆ ಅಂಗೈಯಂತೆ ಚಪ್ಪಟೆ. ಗುಡ್ಡವಿಲ್ಲ, ದಿಬ್ಬವಿಲ್ಲ. .22ರಂಥ ಪುಟ್ಟ ಗುಂಡೇ ಒಂದೂವರೆ ಕಿಲೋಮೀಟರ್‌ವರೆಗೆ ಹೋಗಬಲ್ಲದು, ದೊಡ್ಡ ರೈಫಲ್ಲಿನದು ಅದರ ಎಷ್ಟೋ ಪಟ್ಟು. ಎರೆ ಹೊಲದಲ್ಲಿ ಮಲಗಿದವರು, ಕಾಲುವೆ ದಂಡೆಯಲ್ಲಿ ನೀರು ತಿರುವುವವರು, ಕುರಿ ಹಟ್ಟಿ ಹಾಕಿದವರು ಕತ್ತಲಲ್ಲಿ ಕಾಣುವುದಿಲ್ಲ. 12 ಬೋರಿನಲ್ಲಿ ಒಂಟಿ ಗುಂಡಿನ ತೋಟಾ ಹಾಕಿದರೂ ಇದೇ ಅಪಾಯ. ಎಲ್‌ಜಿ, ಎಸ್‌ಜಿಯಂಥ ದಪ್ಪ ಚರೆಯೂ 40 ಮೀಟರ್ ಆಚೆ ಚೆದುರಿ ಪ್ರಾಣಿಯನ್ನು ಗಾಯಗೊಳಿಸುತ್ತದೆಯೇ ಹೊರತು ಬೀಳಿಸುವುದಿಲ್ಲ, ಆದರೆ ಮನುಷ್ಯನ ಕಣ್ಣಿಗೆ ತಾಗಲು ಬಲ ಉಳಿದಿರುತ್ತದೆ. ಗಾಯಗೊಂಡ ಹಂದಿ ಹಾಯ್ದು ಬರುವುದೂ ಉಂಟು.

ಚರೆ ನಾಟುವುದಿಲ್ಲ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ನಳಿಗೆಯ ಬಗ್ಗೆ ತಿಳಿಯದಿರುವುದು. ಎರಡು ನಳಿಗೆಯ ಬಂದೂಕಿನಲ್ಲಿ ಸಾಮಾನ್ಯವಾಗಿ ಬಲದ್ದು ಸಡಿಲ ಬಾಯಿ, ಎಡದ್ದು ಬಿಗಿ ಬಾಯಿ. ತೀರ ಸಡಿಲ ನಳಿಗೆ 40 ಗಜ ದೂರದ 30 ಅಂಗುಲದ ವೃತ್ತದೊಳಗೆ ನೂರಕ್ಕೆ 40 ಚರೆ ಹಾಕಿದರೆ ತೀರ ಬಿಗಿ ನಳಿಗೆ 70 ಹಾಕುತ್ತದೆ. ಈ ವ್ಯತ್ಯಾಸಕ್ಕೆ ಕಾರಣ ಬಾಯಿಯ ಬಳಿ ಸುಮಾರು ಒಂದು ಮಿಲಿಮೀಟರ್ ಕಿರಿದಾಗಿರುವುದಷ್ಟೇ. ಅಂದರೆ ನಿಮ್ಮ ಕೈಯಲ್ಲಿ ಈಗಾಗಲೇ ಎರಡು ಬಂದೂಕಿವೆ. ಯಾವ ಟ್ರಿಗರ್ ಯಾವ ನಳಿಗೆಗೆ ಎಂಬುದನ್ನು ಅನುಮತಿ ಪಡೆದ ಶೂಟಿಂಗ್ ರೇಂಜಿನಲ್ಲಿ ದೊಡ್ಡ ಕಾಗದ ಕಟ್ಟಿ, ಎಣಿಸಿ ತಿಳಿದುಕೊಳ್ಳಿ. ಅದಕ್ಕೂ ಮೊದಲು ಬೆಳೆಹಾನಿ ಪರಿಹಾರಕ್ಕೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಡಿ. ತುಳಿದ ಬೆಳೆಯನ್ನು ಹರಗುವ ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ.

ಮಗಳು ಒಂಬತ್ತನೇ ತರಗತಿ, 10 ಮೀಟರ್ ಏರ್ ಪಿಸ್ತೂಲ್ ಕಲಿಯುತ್ತಿದ್ದಾಳೆ. ತಮ್ಮನೂ ಶುರು ಮಾಡಿದ್ದಾನೆ. ಇಬ್ಬರಿಗೂ ಒಂದೇ ಪಿಸ್ತೂಲು ಸಾಲದೇ? ಬದಲಿಗೆ ಇನ್ನೊಂದು ಇರಲಿ ಎಂದು ಕೋಚ್ ಹೇಳುತ್ತಾರೆ.
– ತಾಯಿಯೊಬ್ಬರು, ಬಳ್ಳಾರಿ

ಮೊದಲ ಆರೆಂಟು ತಿಂಗಳು ಸಾಕು, ಆಮೇಲೆ ಕಷ್ಟ. ಅಡ್ಡ ಬರುವುದು ಹಿಡಿಕೆ. ಒಳ್ಳೆಯ ಪಿಸ್ತೂಲಿನ ಮರದ ಹಿಡಿಕೆಯನ್ನು ಒಂದೇ ಕೈಗೆಂದು ಅರದಿಂದ ಉಜ್ಜಿ, ಕೊರೆಬಿದ್ದಲ್ಲಿ ಮರದ ಪುಟ್ಟಿ ತುಂಬಿ ಹೊಂದಿಸುತ್ತಾರೆ. ಹೆಬ್ಬೆರಳಿನ ಬುಡದಲ್ಲಿ ಒಂದು ಮಿಲಿಮೀಟರ್ ಸಂದು ಉಳಿದರೂ ಪ್ರತಿ ಸಲ ಹಿಡಿದಾಗ ಪಿಸ್ತೂಲು ಬೇರೆ ಕೋನದಲ್ಲಿ ಕೂರುತ್ತದೆ. ಆಗ ಮುಂದಿನ ನಿಶಾನೆ ಹಿಂದಿನ ಕೊರಕಲಿನ ನಡುವೆ ತಾನಾಗಿ ಬಂದು ನಿಲ್ಲುವುದಿಲ್ಲ, ಮಗು ಮಣಿಕಟ್ಟು ತಿರುಚಿ ಹೊಂದಿಸಲು ನೋಡುತ್ತದೆ. ಗುಂಡುಗಳು ಎಡಕ್ಕೋ ಬಲಕ್ಕೋ ಗುಂಪುಗಟ್ಟುವುದು ಹೀಗೆ. ತಮ್ಮನಿಗೆ ಬೇರೆ ಹಿಡಿಕೆ ಕೊಂಡು ತಿರುಪು ಬಿಚ್ಚಿ ಬದಲಾಯಿಸಬಹುದು. ಅದು ಇನ್ನೊಂದು ಪಿಸ್ತೂಲಿಗಿಂತ ಎಷ್ಟೋ ಅಗ್ಗ. ಆದರೆ ಇಬ್ಬರ ಸ್ಪರ್ಧೆಯೂ ಒಂದೇ ದಿನ, ಒಂದೇ ಪಾಳಿಗೆ ಬಂದರೆ ದಾರಿಯಿಲ್ಲ.

ಬದಲಿ ಪಿಸ್ತೂಲು ಬೇಕೆನ್ನಲು ಕಾರಣ ಇದೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅವರ ಪಿಸ್ತೂಲು ಅರ್ಹತಾ ಸುತ್ತಿನ ನಡುವೆ ಕೆಟ್ಟಿತು. ರಿಪೇರಿಯಲ್ಲಿ ಹೊತ್ತು ಕಳೆದು, ಉಳಿದ ಈಡುಗಳನ್ನು ಅವಸರದಲ್ಲಿ ಮುಗಿಸಬೇಕಾಯಿತು. 12ನೆಯವರಾಗಿ ಫೈನಲ್ ತಪ್ಪಿತು. ಆದರೆ ಬದಲಿ ಎಂದರೆ ಪೆಟ್ಟಿಗೆಯಲ್ಲಿ ಮಲಗಿರುವ ಪಿಸ್ತೂಲಲ್ಲ. ಅದೇ ಹಿಡಿಕೆ, ಅದೇ ಟ್ರಿಗರ್ ಎಳೆತ ಇಟ್ಟು ವಾರಕ್ಕೊಮ್ಮೆಯಾದರೂ ಅಭ್ಯಾಸ ಮಾಡಿರಬೇಕು. ಶಾಲಾ ಮಟ್ಟದಲ್ಲಿ ಆ ಖರ್ಚು ಈಗಲೇ ಬೇಡ.

ಅದಕ್ಕಿಂತ ಮುಂಚೆ ಎರಡನೆಯ ಗಾಳಿ ಸಿಲಿಂಡರ್ ಕೊಳ್ಳಿ, ಜೊತೆಗೆ ಆ ಮಾದರಿಗೆ ಹೊಂದುವ ಒ-ರಿಂಗುಗಳ (ಸೋರಿಕೆ ತಡೆಯುವ ರಬ್ಬರ್ ಬಳೆಗಳ) ಒಂದು ಪೊಟ್ಟಣ. ಸ್ಪರ್ಧೆಯ ದಿನ ಕೈಕೊಡುವುದು ಬಹುಪಾಲು ಗಾಳಿ ಸೋರಿಕೆ. ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡ ಇರುತ್ತದೆ. 25 ಡಿಗ್ರಿಯಲ್ಲಿ ಪೂರ್ತಿ ತುಂಬಿದ್ದನ್ನು ಬಳ್ಳಾರಿಯ ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟು, ಒಳಗಿನ ಕಾವು 60 ಡಿಗ್ರಿಗೆ ಏರಿದರೆ ಒತ್ತಡ 220 ಬಾರ್ ದಾಟುತ್ತದೆ. ಬೇಸಿಗೆಯಲ್ಲಿ ಪೂರ್ತಿ ತುಂಬಬೇಡಿ, ಕಾರಿನಲ್ಲಿ ಬಿಡಲೇಬೇಡಿ. ತುಂಬುವಾಗ ನಿಧಾನವಾಗಿ ತುಂಬಿ, ಬಿಸಿಯಾದರೆ ನಿಲ್ಲಿಸಿ. ಜೋಡಣೆಗೆ ಮನೆಯ ಎಣ್ಣೆ, ಗ್ರೀಸು ಹಚ್ಚಬಾರದು, ಹೆಚ್ಚಿನ ಒತ್ತಡದಲ್ಲಿ ಎಣ್ಣೆ ಹೊತ್ತಿಕೊಳ್ಳಬಹುದು. ಸಿಲಿಂಡರ್ ಮೇಲೆ ತಯಾರಾದ ದಿನ ಅಚ್ಚಾಗಿರುತ್ತದೆ. ಹತ್ತು ವರ್ಷಕ್ಕೆ ಅದರ ಆಯುಷ್ಯ ಮುಗಿಯಿತು, ಚೆನ್ನಾಗಿಯೇ ಕಂಡರೂ ಬದಲಾಯಿಸಿ. ಸೆಕೆಂಡ್ ಹ್ಯಾಂಡ್ ಪಿಸ್ತೂಲು ಕೊಳ್ಳುವವರು ಮೊದಲು ನೋಡಬೇಕಾದ್ದು ಆ ದಿನಾಂಕವನ್ನೇ.

4.5 ಮಿ.ಮೀ. ಬೋರಿನ, 20 ಜೂಲ್ ಮೀರದ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಡ. ಮಗಳು ಮುಂದೆ 25 ಮೀಟರ್‌ಗೆ ಹೋದರೆ ಅದು .22, ಲೈಸೆನ್ಸ್ ಬೇಕೇ ಬೇಕು. 21 ತುಂಬದವರಿಗೆ ಸಾಮಾನ್ಯ ಲೈಸೆನ್ಸ್ ಇಲ್ಲ, ಕಿರಿಯ ಗುರಿಕಾರರಿಗೆ ಪ್ರತ್ಯೇಕ ನಿಯಮ ಇದೆ. ರಾಜ್ಯ ರೈಫಲ್ ಸಂಸ್ಥೆಯ ಮೂಲಕ ವಿಚಾರಿಸಿ.

ಮುತ್ಯಾನ ಕಾಲದ, ಬಾಯಿಯಿಂದ ಮದ್ದು ತುಂಬುವ ಕೇಪಿನ ಬಂದೂಕು, ಅಪ್ಪನ ಜೋಡು ನಳಿಗೆ, ನನ್ನ ಒಂಟಿ ನಳಿಗೆ. ಅಪ್ಪ ತೀರಿಕೊಂಡರು. ಮೂರನ್ನೂ ನನ್ನ ಹೆಸರಿಗೆ ಮಾಡಿಸಿಕೊಳ್ಳಬಹುದೇ?
– ಓದುಗರೊಬ್ಬರು, ಲಿಂಗಸುಗೂರು

ಎರಡನ್ನು ಮಾತ್ರ. ಮನೆತನದ ಬಂದೂಕು, ಪಿತ್ರಾರ್ಜಿತ ಎಂದರೂ ಎರಡರ ಮಿತಿಯೊಳಗೇ ಬರುತ್ತದೆ. ಮೊದಲು ಮಾಡಬೇಕಾದ್ದು, ತಂದೆಯವರ ಹೆಸರಿನಲ್ಲಿದ್ದವನ್ನು ತಡಮಾಡದೆ ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಯಲ್ಲೋ ಠೇವಣಿ ಇಟ್ಟು ರಸೀದಿ ಪಡೆಯುವುದು. ಲೈಸೆನ್ಸ್‌ದಾರರು ಹೋದ ಮೇಲೆ ಮನೆಯಲ್ಲಿ ಉಳಿದ ಬಂದೂಕು ಅಕ್ರಮ ಆಯುಧವೇ. ಆಮೇಲೆ ಮರಣ ಪ್ರಮಾಣಪತ್ರ, ವಾರಸುದಾರರ ಪತ್ರ, ಉಳಿದ ವಾರಸುದಾರರ ಒಪ್ಪಿಗೆ ಇಟ್ಟು ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ. ಮೂರನೆಯದನ್ನು ವ್ಯಾಪಾರಿಗೋ ಲೈಸೆನ್ಸ್ ಇರುವ ಇನ್ನೊಬ್ಬರಿಗೋ ಕೊಡಬಹುದು. ಅಣ್ಣತಮ್ಮಂದಿರಿದ್ದರೆ ಅವರಲ್ಲೊಬ್ಬರು ಅರ್ಜಿ ಹಾಕಬಹುದು. ಇದನ್ನು ಓದುತ್ತಿರುವ ಹಿರಿಯರಿಗೂ ಒಂದು ಮಾತು: 70 ತುಂಬಿದ್ದರೆ ಅಥವಾ ಬಂದೂಕು 25 ವರ್ಷದಿಂದ ನಿಮ್ಮಲ್ಲಿದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ವರ್ಗಾಯಿಸಲು ನಿಯಮದಲ್ಲಿ ಅವಕಾಶ ಇದೆ. ಮಕ್ಕಳಿಗೆ ಆ ಅಲೆದಾಟ ತಪ್ಪಿಸಿ.

ಯಾವುದನ್ನು ಬಿಡಬೇಕು? ನಮ್ಮ ಅಭಿಪ್ರಾಯದಲ್ಲಿ ಕೇಪಿನ ಬಂದೂಕನ್ನು. ಅದರ ಮೇಲೆ ಅಭಿಮಾನ ಇರುವುದು ಸಹಜ, ಆದರೆ ತುಕ್ಕು ಒಳಗಿಂದ ತಿಂದ ನಳಿಗೆಯನ್ನು ಹೊರಗಿಂದ ನೋಡಿ ಹೇಳಲಾಗದು. ಕರಿಮದ್ದಿನ ಮಸಿ ಗಾಳಿಯ ತೇವ ಹೀರುತ್ತದೆ. ಒಮ್ಮೆ ಹಾರಿಸಿ ಬಿಸಿನೀರಿನಲ್ಲಿ ತೊಳೆಯದೆ ಬಿಟ್ಟರೆ ಹಿಂಬದಿ ತೂತಿನ ಸುತ್ತ ಕೊರೆಯಲು ಶುರು.

12 ಬೋರಿನ ಜೊತೆಗೆ 20 ಬೋರಿನದೊಂದು ಹೊಸದಾಗಿ ಬಂದಿದೆ. ಎರಡನ್ನೂ ಒಂದೇ ಕಪಾಟಿನಲ್ಲಿ ಇಡಬಹುದೇ? ಇನ್ನೇನು ಎಚ್ಚರಿಕೆ?
– ಓದುಗರೊಬ್ಬರು, ಕುಷ್ಟಗಿ

ಬಂದೂಕುಗಳನ್ನು ಒಟ್ಟಿಗೆ ಬೀಗ ಹಾಕಿ ಇಡಬಹುದು. ತೋಟಾಗಳನ್ನು ಇಡಲೇಬಾರದು. ಬೇರೆ ಡಬ್ಬಿ, ಬೇರೆ ಬೀಗ, ಬೇರೆ ಕೋಣೆಯಾದರೆ ಇನ್ನೂ ಒಳ್ಳೆಯದು. ಎರಡು ಬೋರು ಒಂದೇ ಮನೆಯಲ್ಲಿದ್ದಾಗ ಆಗುವ ಅತಿ ಕೆಟ್ಟ ಅಪಘಾತ ಇದು: 12ರದಕ್ಕಿಂತ ಸಪೂರವಾದ 20 ಬೋರಿನ ತೋಟಾ 12 ಬೋರಿನ ನಳಿಗೆಗೆ ಬಿದ್ದರೆ ಹಿಂದಿನ ಅಂಚಿನಲ್ಲಿ ನಿಲ್ಲುವುದಿಲ್ಲ, ಒಳಗೆ ಜಾರಿ, ನಳಿಗೆಯಲ್ಲಿ ತೋಟಾ ಕೂರುವ ಕೋಣೆಯ ಮುಂದೆ ನಳಿಗೆ ಕಿರಿದಾಗುವಲ್ಲಿ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಎಳೆದರೆ ಸದ್ದಿಲ್ಲ. ತುಂಬಿಲ್ಲವೆಂದು ತಿಳಿದು 12ರ ತೋಟಾ ಹಾಕುತ್ತಾರೆ, ಅದು ಸರಾಗವಾಗಿ ಕೂರುತ್ತದೆ. ಹಾರಿಸಿದಾಗ ನಳಿಗೆ ಒಡೆಯುವುದು ಎಡಗೈ ಹಿಡಿದಿರುವ ಜಾಗದಲ್ಲೇ. 20 ಬೋರಿನ ತೋಟಾಗೆ ಹಳದಿ ಬಣ್ಣ ಕೊಡುವ ರೂಢಿ ಇದಕ್ಕೇ ಬಂದದ್ದು. ಹಳದಿ ತೋಟಾ ಮತ್ತು ಬೇರೆ ಬಣ್ಣದ ತೋಟಾ ಒಂದೇ ಜೇಬಿನಲ್ಲಿ ಎಂದೂ ಇರಬಾರದು.

ಹಳೆಯ 12 ಬೋರ್ ಆಗಿದ್ದರೆ ತೋಟಾದ ಉದ್ದವನ್ನೂ ನೋಡಿ. ಹಳೆಯ ಇಂಗ್ಲಿಷ್ ಬಂದೂಕುಗಳ ಕೋಣೆ ಎರಡೂವರೆ ಅಂಗುಲ, ಅಂದರೆ ಸುಮಾರು 65 ಮಿ.ಮೀ. ಈಗಿನ 70 ಮಿ.ಮೀ. ತೋಟಾ ಅದರಲ್ಲೂ ಕೂರುತ್ತದೆ, ಮೋಸ ಇರುವುದೇ ಅಲ್ಲಿ. 70 ಎಂಬುದು ಹಾರಿಸಿದ ಮೇಲಿನ ಉದ್ದ. ಮಡಚಿದ ಬಾಯಿ ಬಿಚ್ಚಿಕೊಂಡಾಗ ಅಂಚು ನಳಿಗೆಯ ಕಿರಿದಾದ ಭಾಗಕ್ಕೆ ಚಾಚಿ, ಚರೆ ಹೋಗುವ ದಾರಿ ಬಿಗಿದು ಒತ್ತಡ ಏರುತ್ತದೆ. ಕೋಣೆಯ ಅಳತೆ ನಳಿಗೆಯ ಕೆಳಭಾಗದಲ್ಲಿ ಕೆತ್ತಿರುತ್ತದೆ. ಕಾಣದಿದ್ದರೆ ವ್ಯಾಪಾರಿಯ ಬಳಿ ಗೇಜು ಹಾಕಿಸಿ ನೋಡಿ. ನಳಿಗೆಯ ಮೇಲೆ ನೀರಿನ ಸುಳಿಯಂಥ ಗೆರೆಗಳಿದ್ದರೆ ಅದು ಕಬ್ಬಿಣ, ಉಕ್ಕು ಹೆಣೆದು ಮಾಡಿದ ಡಮಾಸ್ಕಸ್ ನಳಿಗೆ, ಕರಿಮದ್ದಿನ ಕಾಲದ್ದು. ಅದಕ್ಕೆ ಇಂದಿನ ತೋಟಾ ಹಾಕಬೇಡಿ.

ಯಾವ ಬಂದೂಕೇ ಇರಲಿ, ಸದ್ದು ಎಂದಿನಂತೆ ಬಾರದೆ ಪುಸ್ ಎಂದರೆ ಅಥವಾ ಏನೂ ಬಾರದಿದ್ದರೆ, ಬಾಯನ್ನು ಬರಿನೆಲದ ಕಡೆ ಹಿಡಿದು ಅರ್ಧ ನಿಮಿಷ ಹಾಗೇ ಇರಿ, ಮದ್ದು ತಡವಾಗಿ ಹತ್ತಿಕೊಳ್ಳುವುದುಂಟು. ಆಮೇಲೆ ಬಂದೂಕನ್ನು ಮುರಿದು (ಕೀಲಿನಲ್ಲಿ ಬಗ್ಗಿಸಿ ತೆರೆದು), ತೋಟಾ ತೆಗೆದು, ಹಿಂಬದಿಯಿಂದ ನಳಿಗೆಯೊಳಗೆ ನೋಡಿ. ಇನ್ನೊಂದು ತುದಿಯಲ್ಲಿ ಬೆಳಕು ದುಂಡಗೆ, ಪೂರ್ತಿಯಾಗಿ ಕಾಣಬೇಕು. ಕಾಣದಿದ್ದರೆ ಒಳಗೆ ಬಿರಡೆಯೋ (ತೋಟಾದಲ್ಲಿ ಮದ್ದು, ಚರೆ ನಡುವೆ ಇರುವ ತುಣುಕು) ತೋಟಾವೋ ಸಿಕ್ಕಿದೆ ಎಂದರ್ಥ. ಸಿಕ್ಕಿರುವುದು ಬರೀ ಬಿರಡೆ ಎಂದು ಖಾತ್ರಿಯಾದರೆ ಮಾತ್ರ ಮರದ ಕೋಲಿನಿಂದ ಮೆಲ್ಲಗೆ ತಳ್ಳಿ. ತೋಟಾ ಇದ್ದರೆ ಕೋಲು ಹಾಕಬೇಡಿ, ಕುಟ್ಟಬೇಡಿ, ಬಂದೂಕನ್ನು ಮುರಿದ ಸ್ಥಿತಿಯಲ್ಲೇ ರಿಪೇರಿ ಮಾಡುವವರ ಹತ್ತಿರ ಒಯ್ಯಿರಿ.